ಹೆಪಟೈಟಿಸ್ ಸಿ ಪಾಸಿಟಿವ್ ಇದ್ದವರಿಗೆ ಬೇರೆ ಡಯಾಲಿಸಿಸ್ ಮೆಷಿನ್ ಬೇಕೇ?

ಪರ: ಡಯಾಲಿಸಿಸ್ ವಾರ್ಡಿನ ನರ್ಸ್

'ಬೇಕು' ಅನ್ನುವ ಪಾಳಿ ನನಗೆ ಬಂದಿದೆ. ಸರಿ, ಬರೆಯುತ್ತೇನೆ. ಹೆಪಟೈಟಿಸ್ ಸಿ ಅಂದರೆ ರಕ್ತದಿಂದ ಹರಡುವ, ಲಿವರ್ ಕೆಡಿಸುವ ವೈರಸ್ ಸೋಂಕು.

ಎರಡು ಶಿಫ್ಟ್‌ಗಳ ನಡುವಿನ ಹೊತ್ತು ಹೇಗಿರುತ್ತದೆ ಅಂತ ನೋಡಿದವರಿಗೇ ಗೊತ್ತು. ಒಬ್ಬರ ಸೂಜಿ ತೆಗೆದು ಒತ್ತಿ ಹಿಡಿದಿರುತ್ತೇವೆ. ಮುಂದಿನವರು ಬಾಗಿಲಲ್ಲಿ ನಿಂತಿರುತ್ತಾರೆ. ಅಷ್ಟರಲ್ಲಿ ಪಕ್ಕದ ಮೆಷಿನ್ ಅಲಾರಂ ಹೊಡೆಯುತ್ತದೆ. ಅದೇ ಗ್ಲೌಸಿನಲ್ಲಿ ಬಟನ್ ಒತ್ತಿಬಿಡುತ್ತೇವೆ. ತಪ್ಪು, ಗೊತ್ತು. ಆದರೆ ಕೈ ಮರೆಯುತ್ತದೆ. ಮೆಷಿನ್ ಬೇರೆ ಇದ್ದರೆ ಮರೆತ ಕೈಯಿಂದ ಆಗುವ ಅನಾಹುತ ಕಡಿಮೆ.

ಹೆಪಟೈಟಿಸ್ ಬಿ ಇದ್ದವರಿಗೆ ಕೋಣೆ, ಮೆಷಿನ್ ಎರಡೂ ಬೇರೆ ಅನ್ನುವುದು ಹಳೆಯ ನಿಯಮ. ಬಿಗೆ ಲಸಿಕೆಯಾದರೂ ಇದೆ, ಸಿಗೆ ಅದೂ ಇಲ್ಲ. ಮೆಷಿನ್ ಒಳಗಿಂದಲೇ ಸಿ ದಾಟುವುದು ತೀರಾ ಅಪರೂಪ ಅಂತ ನಾನೂ ಒಪ್ಪುತ್ತೇನೆ. ಆದರೂ ಇರಲಿ ಬಿಡಿ.

ವಿರೋಧ: ಆರು ವರ್ಷದಿಂದ ಡಯಾಲಿಸಿಸ್‌ನಲ್ಲಿರುವ ರೋಗಿ

ನನಗೆ ಸಿ ಅಂಟಿದ ಸೆಂಟರಿನಲ್ಲಿ ಸಿ ಮೆಷಿನ್ ಬೇರೆಯೇ ಇತ್ತು! ಮೂಲೆಯಲ್ಲಿ, ಕೆಂಪು ಸ್ಟಿಕ್ಕರ್ ಹಚ್ಚಿ ಇಟ್ಟಿದ್ದರು. ಆದರೆ ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಬಾಟಲಿ ಎಲ್ಲರಿಗೂ ಒಂದೇ. ಟ್ರಾಲಿ ಒಂದೇ. ಹಾಸಿಗೆಯಿಂದ ಹಾಸಿಗೆಗೆ ಉರುಳುತ್ತಿತ್ತು. ಸ್ಟಿಕ್ಕರ್ ನೋಡಿ ವೈರಸ್ ಹೆದರುತ್ತದೆಯೇ?

ಇನ್ನೊಂದು ಮಾತು. ಆಂಟಿಬಾಡಿ ಅಂದರೆ ವೈರಸ್ ವಿರುದ್ಧ ದೇಹ ತಯಾರಿಸುವ ವಸ್ತು. ಹೊಸದಾಗಿ ಸೋಂಕಾದವರ ಆಂಟಿಬಾಡಿ ಪರೀಕ್ಷೆ ಎಷ್ಟೋ ವಾರ ನೆಗೆಟಿವ್ ಅಂತಲೇ ಬರುತ್ತದೆ. ಅವರು ನೆಗೆಟಿವ್ ಮೆಷಿನ್‌ನಲ್ಲೇ ಮಲಗಿರುತ್ತಾರೆ. 'ಇದು ಕ್ಲೀನ್ ಸೈಡ್' ಅಂತ ಸಿಬ್ಬಂದಿಯೂ ಸಡಿಲ ಬಿಡುತ್ತಾರೆ. ಸಿಗೆ ಬೇರೆ ಮೆಷಿನ್ ಬೇಡ, ಪ್ರತಿ ರೋಗಿಗೂ ಕೈ ತೊಳೆಯಿರಿ, ಗ್ಲೌಸ್ ಬದಲಿಸಿ, ಔಷಧಿ ಬೇರೆ ಕಡೆ ತಯಾರಿಸಿ ಅಂತ ಕಿಡ್ನಿ ತಜ್ಞರ ಅಂತರರಾಷ್ಟ್ರೀಯ ಸಂಸ್ಥೆ ಕೆಡಿಗೋ 2018ರಲ್ಲೂ ಹೇಳಿದೆ. ಬಿ ಮಾತು ಬೇರೆ. ಅದು ಒಣಗಿದ ರಕ್ತದ ಕಲೆಯಲ್ಲೂ 7 ದಿನ ಜೀವ ಹಿಡಿದಿರುತ್ತದೆ. ರಕ್ತದಲ್ಲಿ ಅದರ ಪ್ರಮಾಣವೂ ತುಂಬಾ ಜಾಸ್ತಿ. ಅದನ್ನು ತಂದು ಸಿಗೆ ಗಂಟು ಹಾಕುವುದು ಸುಮ್ನೆ ವಾದಕ್ಕೆ.

ಅವಸರವಂತೆ. ಹಾಗಾದರೆ ನಮಗೆ ಬಾಗಿಲೂ ಬೇರೆ ಇಡಿ, ಫ್ಯಾನೂ ಬೇರೆ ಹಾಕಿ!

ನನ್ನನ್ನು ಆ ಮೂಲೆಗೆ ಕಳಿಸಿದ ದಿನ ಚೆನ್ನಾಗಿ ನೆನಪಿದೆ. ವಾರಕ್ಕೆ 3 ಸಲ, 4 ಗಂಟೆ ಪಕ್ಕದಲ್ಲಿ ಮಲಗಿ ಹರಟುತ್ತಿದ್ದವರು ಕಾಯುವ ಬೆಂಚಿನಲ್ಲೂ ಸರಿದು ಕೂತರು. ಮುಟ್ಟಿದರೆ, ಕೆಮ್ಮಿದರೆ ಸಿ ಬರುವುದಿಲ್ಲ. ಯಾರಿಗೆ ಹೇಳುವುದು?

ಆಮೇಲೆ 12 ವಾರ ಮಾತ್ರೆ ತಗೊಂಡೆ. ಈಗಿನ ಮಾತ್ರೆಯಲ್ಲಿ ನೂರಕ್ಕೆ 95ಕ್ಕಿಂತ ಜಾಸ್ತಿ ಜನಕ್ಕೆ ವಾಸಿಯಾಗುತ್ತದೆ, ಕಿಡ್ನಿ ಕೆಟ್ಟವರಿಗೂ ಸುರಕ್ಷಿತವಾದವು ಇವೆ. ನನಗೂ ವಾಸಿಯಾಯಿತು. ರಕ್ತದಲ್ಲಿ ವೈರಸ್ ಇಲ್ಲ ಅನ್ನುವ ರಿಪೋರ್ಟ್ ಕೊಟ್ಟೆ. ಟೆಕ್ನಿಷಿಯನ್ ನೋಡಿ, "ಆಂಟಿಬಾಡಿ ಪಾಸಿಟಿವ್ ಇದೆಯಲ್ಲ ಸಾರ್" ಅಂದ. ವಾಸಿಯಾದ ಮೇಲೂ ಅದು ಉಳಿಯುತ್ತದಪ್ಪಾ ಅಂದೆ. ಹಾಳೆ ಮಡಚಿ ಫೈಲಿಗೆ ಸೇರಿಸಿದ.

ಇವತ್ತಿಗೂ ಅದೇ ಮೂಲೆಯಲ್ಲಿದ್ದೇನೆ. ಪಕ್ಕದ ಹಾಸಿಗೆಯವರಿಗೆ ಸಿ ಇನ್ನೂ ಇದೆ. ಒಮ್ಮೆ ವಾಸಿಯಾದವರಿಗೆ ಅದು ಮತ್ತೆ ಅಂಟಬಹುದು.