ಕೈಗೆ ಬಂದ ಗ್ರಿಪ್ಪು

ಇಂದು ಬೆಳಿಗ್ಗೆ ಹಾಲಿನ ಬೂತಿನ ತಿರುವಿನಲ್ಲಿ ನನ್ನ ಸೈಕಲ್ಲಿನ ಎಡಗಡೆಯ ಗ್ರಿಪ್ಪು ಮುನ್ಸೂಚನೆಯಿಲ್ಲದೆ ಕಳಚಿ ಕೈಗೆ ಬಂದಿತು. ಮುನ್ಸೂಚನೆಯಿರಲಿಲ್ಲವೆಂದರೆ ಸುಳ್ಳಾದೀತು, ಮೂರು ವಾರಗಳಿಂದ ಅದು ದಿನಕ್ಕೊಂದು ನೂಲಿನಷ್ಟು ಹೊರಗೆ ಸರಿಯುತ್ತಲೇ ಇತ್ತು, ನಾನು ಸಿಗ್ನಲ್ ಬಂದಲ್ಲೆಲ್ಲ ಅಂಗೈಯಿಂದ ಗುದ್ದಿ ಒಳಗೆ ಕಳುಹಿಸುತ್ತಲೇ ಇದ್ದೆ. ಆದರೆ ಇಂದು ಅದು ಆರಿಸಿಕೊಂಡ ಗಳಿಗೆಯನ್ನು ಮಾತ್ರ ಕ್ಷಮಿಸಲಾಗದು. ಎದುರಿಗೆ ಬಂದ ನಿವೃತ್ತ ಹೆಡ್‌ಮಾಸ್ತರರಿಗೆ ನಮಸ್ಕರಿಸಲೆಂದು ಬಲಗೈ ಎತ್ತಿದ್ದೆ. ಭಾರವೆಲ್ಲ ಎಡಗೈಗೆ ಬಿದ್ದದ್ದೇ ತಡ, ಗ್ರಿಪ್ಪು ಸರಕ್ಕನೆ ಜಾರಿತು, ಗಾಬರಿಯಲ್ಲಿ ಆ ಕೈಯೂ ಮೇಲೆದ್ದಿತು. ರಥದ ಮುಂದೆ ನಿಂತ ಭಕ್ತನಂತೆ ಎರಡೂ ಕೈಗಳನ್ನೆತ್ತಿ, ಒಂದರಲ್ಲಿ ಕಪ್ಪು ರಬ್ಬರಿನ ಕೊಳವೆ ಹಿಡಿದು, ನಾನು ಬೂತಿನ ಕಲ್ಲುಬೆಂಚಿನತ್ತ ಸಾಗಿದೆ. ಹಾಲಿನ ಪ್ಯಾಕೆಟ್ಟೊಂದು ಒಡೆಯಿತು. ಮಾಸ್ತರರು ಬಲು ಗಂಭೀರವಾಗಿ, "ಇಷ್ಟೊಂದು ಗೌರವ ಬೇಕಿರಲಿಲ್ಲ" ಎಂದರು.

ಇದರ ಮೂಲಪುರುಷರು ನಮ್ಮ ಮಾವನವರು. ಅವರ ಪಾಲಿಗೆ ಲೋಕದ ಸಕಲ ವ್ಯಾಧಿಗಳಿಗೂ ಮದ್ದು ಕೊಬ್ಬರಿ ಎಣ್ಣೆ. ಕಿರುಗುಟ್ಟುವ ಬಾಗಿಲು, ಬಿಗಿಯಾದ ಉಂಗುರ, ಮೊಮ್ಮಗನ ಕೆಮ್ಮು, ಎಲ್ಲಕ್ಕೂ ಆ ನೀಲಿ ಡಬ್ಬಿಯೇ. ಹೊಸ ಗ್ರಿಪ್ಪು ಹ್ಯಾಂಡಲ್ಲಿಗೆ ಏರದೆ ನಾನು ಹೆಣಗುತ್ತಿದ್ದಾಗ, "ಅಳಿಯಂದಿರೇ, ಒಂದು ತೊಟ್ಟು ಎಣ್ಣೆ ಬಿಟ್ಟು ನೋಡಿ" ಎಂದವರು, ನಾನು ತಡೆಯುವಷ್ಟರಲ್ಲಿ ತಾವೇ ಧಾರಾಳವಾಗಿ ಎರೆದಿದ್ದರು. ಗ್ರಿಪ್ಪು ಬೆಣ್ಣೆಯಂತೆ ಒಳಹೋಯಿತು. ಒಳಹೋದ ದಾರಿಯಲ್ಲೇ ಹೊರಗೂ ಬರುವುದೆಂಬುದನ್ನು ಆಗ ಯೋಚಿಸುವಷ್ಟು ವ್ಯವಧಾನ ನನಗಿರಲಿಲ್ಲ. ಎಣ್ಣೆ ಆರುವ ವಸ್ತುವಲ್ಲ. ರಬ್ಬರಿಗೂ ಕಬ್ಬಿಣಕ್ಕೂ ನಡುವೆ ಸಂಧಾನಕಾರನಂತೆ ಕುಳಿತು, ಇಬ್ಬರನ್ನೂ ಒಂದಾಗಲು ಬಿಡುವುದೇ ಇಲ್ಲ.

ಸ್ಪಿರಿಟ್ ಹಚ್ಚಿದ್ದರೆ ಗ್ರಿಪ್ಪು ಏರುವವರೆಗೆ ಜಾರಿ, ಆಮೇಲೆ ಅದು ಆವಿಯಾಗಿ ಹಿಡಿತ ಕೂಡುತ್ತಿತ್ತು ಎಂದು ಪಂಕ್ಚರ್ ಅಂಗಡಿಯವನು ಇಂದು ತಿಳಿಸಿದ. ಹ್ಯಾಂಡಲ್ಲಿನ ಬೋಳು ತುದಿ ಬಿದ್ದಾಗ ಹೊಟ್ಟೆಗೆ ನಾಟೀತೆಂದು ಹೆದರಿಸಿಯೂ ಕಳುಹಿಸಿದ.

ನಮ್ಮ ತಂದೆಯವರ ಸೈಕಲ್ಲಿನಲ್ಲಿ ಈ ತಾಪತ್ರಯವಿರಲಿಲ್ಲ. ಹಳೆಯ ಟ್ಯೂಬಿನಿಂದ ಕತ್ತರಿಸಿದ ಬಳೆಯಂತಹ ಪಟ್ಟಿಯೊಂದನ್ನು ಅವರು ಗ್ರಿಪ್ಪಿನ ಬುಡದಲ್ಲಿ ಬಿಗಿಯಾಗಿ ತೊಡಿಸುತ್ತಿದ್ದರು. ಕಂಬಿಯ ಮೇಲೆ ಕುಳಿತ ನಾನು ದಾರಿಯುದ್ದಕ್ಕೂ ಆ ಬಳೆಯನ್ನು ಉಗುರಿನಿಂದ ಕೆದಕುತ್ತಿದ್ದೆ, ಅದು ಒಮ್ಮೆಯೂ ಅಲುಗಲಿಲ್ಲ. ಅವರು ಹೋದ ಮೇಲೆ ಸೈಕಲ್ಲನ್ನು ಗುಜರಿಗೆ ಹಾಕಿದೆವು. ಬಳೆಯನ್ನಾದರೂ ಬಿಚ್ಚಿಟ್ಟುಕೊಳ್ಳಬಹುದಿತ್ತು.

ಸಂಜೆ ಹ್ಯಾಂಡಲ್ಲನ್ನು ಸೋಪಿನ ನೀರಿನಿಂದ ಮೂರು ಬಾರಿ ತೊಳೆದು, ಒರೆಸಿ, ಒಣಗಿಸಿ, ಪಂಕ್ಚರಿಗೆ ಹಚ್ಚುವ ಸೊಲ್ಯೂಷನ್ ಬಳಿದು ಗ್ರಿಪ್ಪನ್ನು ತಳ್ಳಿದೆ. ಅದು ಅರ್ಧ ನಿಮಿಷದಲ್ಲಿಯೇ ಕಚ್ಚಿಕೊಂಡಿತು. ಈಗ ಗಂಡಭೇರುಂಡ ಬಂದು ಎಳೆದರೂ ಕದಲದು. ಆದರೆ ಅವಸರದಲ್ಲಿ ನಾನದನ್ನು ತಿರುಗುಮುರುಗಾಗಿ ಕೂರಿಸಿದ್ದೇನೆ; ಕೆಳಗಿರಬೇಕಾದ, ಬೆರಳು ಕೂರುವ ತಗ್ಗುಗಳು ಆಕಾಶ ನೋಡುತ್ತಿವೆ.

ಮಾವನವರು ಕನ್ನಡಕವೇರಿಸಿ ಅದನ್ನು ಬಹಳ ಹೊತ್ತು ಪರೀಕ್ಷಿಸಿದರು. ನಂತರ ಒಳಗೆ ಹೋದರು. ಅಡುಗೆಮನೆಯಿಂದ ಡಬ್ಬಿಯ ಮುಚ್ಚಳ ತೆರೆದ ಸದ್ದು ಕೇಳಿಸುತ್ತಿದೆ.