ಎಚ್ಚರ ತಪ್ಪಿದ ಮೇಲೆ ಏನು ಅಂತ ಯಾರು ಹೇಳ್ತಾರೆ?

ನಿನ್ನೆ ರಾತ್ರಿಯ ಸಿಟ್ಟು ಇನ್ನೂ ಇಳಿದಿಲ್ಲ. ಪರಿಚಯದ ಹುಡುಗನೊಬ್ಬ ಮೆಸೇಜ್ ಮಾಡಿದ್ದ. "ಅಕ್ಕಾ, ಕಾಂಡೋಮ್ ಹರಿದುಹೋಗಿತ್ತು. ನಾಲ್ಕು ದಿನ ಆಯ್ತು. ಈಗ ಟೆಸ್ಟ್ ಮಾಡಿಸ್ಲಾ?"

ನಾನು ಲ್ಯಾಬ್‌ನಲ್ಲಿ ಇರೋದು ಗೊತ್ತಲ್ಲ, ಅದಕ್ಕೇ ಕೇಳಿದ್ದು. ಆ ನಾಲ್ಕು ದಿನ ಅವನು ಸುಮ್ನೆ ಕೂತಿರಲಿಲ್ಲ. ಮೊಬೈಲ್‌ನಲ್ಲಿ ಸಿಕ್ಕ, ಲೈಂಗಿಕ ರೋಗಗಳ ಜಾಗೃತಿ ವಿಡಿಯೊಗಳನ್ನೆಲ್ಲ ನೋಡಿದ್ದಾನೆ. ಹುಣ್ಣಿನ ಫೋಟೊ, ಎದೆ ನಡುಗಿಸುವ ಸಂಗೀತ, ಕೊನೆಗೆ "ಎಚ್ಚರವಾಗಿರಿ". ಎಚ್ಚರ ತಪ್ಪಿದವರು ಏನು ಮಾಡಬೇಕು? ಅದು ಒಂದರಲ್ಲೂ ಇಲ್ಲ!

ಎಚ್‌ಐವಿ ಭಯ ಇದ್ದರೆ 72 ಗಂಟೆಯೊಳಗೆ ವೈದ್ಯರನ್ನು ಕಂಡು, ಸೋಂಕು ನೆಲೆಯಾಗದಂತೆ ತಡೆಯುವ ಪೆಪ್ ಮಾತ್ರೆ ಶುರು ಮಾಡಬೇಕು. ಬೇಗ ಆದಷ್ಟೂ ಒಳ್ಳೆಯದು. 28 ದಿನ ತಪ್ಪದೆ ನುಂಗಬೇಕು. ಇದನ್ನು ಹೇಳಲು ಹತ್ತು ಸೆಕೆಂಡ್ ಸಾಕು. ಅವನ ಗಡುವು ಹಿಂದಿನ ದಿನವೇ ಮುಗಿದಿತ್ತು.

"ಟೆಸ್ಟ್ ಮಾಡಿಸಿ" ಅಂದರೂ ಅಷ್ಟೇ. ಯಾವುದು, ಯಾವಾಗ? ಕ್ಲಮೈಡಿಯಾ ಅನ್ನೋ ಲೈಂಗಿಕ ಸೋಂಕು ಇದ್ದ ಹೆಚ್ಚಿನವರಿಗೆ ಲಕ್ಷಣವೇ ಇರೋದಿಲ್ಲ. ಮೂತ್ರದಲ್ಲಿ ನೋಡುವುದಾದರೆ ಒಂದು ಗಂಟೆ ತಡೆದು, ಮೊದಲ ಧಾರೆಯನ್ನೇ ಡಬ್ಬಿಗೆ ಹಿಡಿಯಬೇಕು. ಬೇರೆ ಪರೀಕ್ಷೆಗಳ ಅಭ್ಯಾಸದಲ್ಲಿ ಜನ ನಡುವಿನದ್ದು ತಂದುಕೊಡುತ್ತಾರೆ. ಸಿಫಿಲಿಸ್‌ನ ಹುಣ್ಣು ಸಾಮಾನ್ಯವಾಗಿ ನೋಯುವುದಿಲ್ಲ, ತಾನಾಗಿಯೇ ಮಾಯುತ್ತದೆ, ರೋಗ ಮಾತ್ರ ಒಳಗೇ ಇರುತ್ತದೆ. ಭಯಾನಕ ಫೋಟೊ ನೋಡಿದವನು "ನನಗೆ ಹಾಗೇನೂ ಇಲ್ಲ" ಅಂತ ಮನೆಯಲ್ಲೇ ಉಳಿಯುತ್ತಾನೆ, ಅಲ್ವಾ?

"ಇಷ್ಟೆಲ್ಲ ಬಿಡಿಸಿ ಹೇಳಿದರೆ ಹುಡುಗರು ಕೆಡ್ತಾರೆ" ಅನ್ನುವವರಿದ್ದಾರೆ. ಆ ಹುಡುಗ ನನ್ನನ್ನು ಕೇಳಿ ಮಲಗಲು ಹೋಗಿರಲಿಲ್ಲ. ಹೆದರಿದ ಮೇಲೆ ಕೇಳಿದ. ಆಗಲೂ ಬಾಯಿ ಮುಚ್ಚಿಕೊಂಡಿರಬೇಕಾ?

ಇಲ್ಲಿ ಯಾವತ್ತೂ ಹೇಳದ ಒಂದು ಮಾತು. 23ನೇ ವಯಸ್ಸಿನಲ್ಲಿ ನಾನೂ ಈ ಪರೀಕ್ಷೆಗೆ ಹೋಗಿದ್ದೆ. ಹೆಸರು ಕರೆಯುವ ಹೊತ್ತಿಗೆ ಎದ್ದು ಬಂದೆ. ಮತ್ತೆ ಹೋಗಲು ಏಳು ತಿಂಗಳು ಬೇಕಾಯಿತು. ಕ್ಲಮೈಡಿಯಾ ಇತ್ತು. ಒಂದು ವಾರದ ಮಾತ್ರೆಗೆ ವಾಸಿಯಾಯಿತು. ಹಾಗೇ ಬಿಟ್ಟಿದ್ದರೆ ಅದು ಗರ್ಭನಾಳಕ್ಕೆ ಏರಿ, ಮಕ್ಕಳಾಗುವುದಕ್ಕೇ ತೊಂದರೆ ಆಗಬಹುದಿತ್ತು. ಇದನ್ನು ಟೈಪ್ ಮಾಡುವಾಗ ಈಗಲೂ ಕೈ ನಡುಗುತ್ತಿದೆ.

ಹುಡುಗನಿಗೆ ಹೇಳಿದೆ: ನಾಳೆಯೇ ವೈದ್ಯರ ಹತ್ತಿರ ಹೋಗು. ಸೋಂಕು ಇಷ್ಟು ಬೇಗ ಟೆಸ್ಟ್‌ನಲ್ಲಿ ಕಾಣದಿರಬಹುದು, ಈಗಿನ ನೆಗೆಟಿವ್ ನಂಬಬೇಡ, 45 ದಿನ ಕಳೆದ ಮೇಲೆ ಲ್ಯಾಬ್‌ನಲ್ಲಿ ಎಚ್‌ಐವಿ ಟೆಸ್ಟ್ ಮತ್ತೆ ಮಾಡಿಸು. ಆ ಹುಡುಗಿಗೂ ತಿಳಿಸು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಕ್ಕಾ, ಅದು ತುಂಬಾ ದಿನದಿಂದ ಪರ್ಸ್‌ನಲ್ಲೇ ಇತ್ತು. ಅದಕ್ಕೇ ಹರಿಯಿತಾ?" ಅಂದ.

ಇರಬಹುದು. ಜೇಬಿನ ಬಿಸಿಗೆ, ತಿಕ್ಕಾಟಕ್ಕೆ ಆ ರಬ್ಬರ್ ಹಾಳಾಗುತ್ತದೆ. ಅದನ್ನೂ ಅವನಿಗೆ ಯಾರೂ ಹೇಳಿರಲಿಲ್ಲ.