ಆ ಬಣ್ಣ ನಾನು ಆರಿಸಿದ್ದಲ್ಲ

ಡಿಜಿಟಲ್ ಪೇಂಟಿಂಗ್ ಕಲಿಯಬೇಕು, ಯಾವ ಸಾಫ್ಟ್‌ವೇರ್ ಹಾಕಿಕೊಳ್ಳಲಿ, ಯಾವ ಟ್ಯುಟೋರಿಯಲ್ ನೋಡಲಿ ಅಂತ ಆಗಾಗ ಯಾರಾದರೂ ಕೇಳುತ್ತಾರೆ. ಮೊದಲನೆಯದಕ್ಕೆ ಉತ್ತರ ಸುಲಭ. ಎರಡನೆಯದಕ್ಕೆ ಉತ್ತರಿಸುವ ಮೊದಲು ನನಗೆ ಆದದ್ದನ್ನು ಹೇಳಬೇಕು.

ಕಲಿಯಲು ಶುರು ಮಾಡಿದ ಹೊಸತರಲ್ಲಿ ಸಂಜೆ ಬೆಳಕಿನ ಬೆಟ್ಟಗಳನ್ನು ಬಿಡಿಸುವ ವಿಡಿಯೋ ಒಂದನ್ನು ನೋಡಿ ಚಿತ್ರ ಮಾಡಿದೆ. ಹೆಜ್ಜೆಗೊಮ್ಮೆ ವಿಡಿಯೋ ನಿಲ್ಲಿಸುವುದು, ಅವರು ಮಾಡಿದ್ದನ್ನು ಮಾಡುವುದು, ಮತ್ತೆ ಮುಂದೆ. ಅವರ ಚಿತ್ರದ ಸ್ಕ್ರೀನ್‌ಶಾಟನ್ನು ಕ್ಯಾನ್ವಾಸಿನ ಮೂಲೆಯಲ್ಲಿ ಇಟ್ಟುಕೊಂಡು, ಐಡ್ರಾಪರಿನಿಂದ (ಪರದೆಯ ಮೇಲಿನ ಬಣ್ಣವನ್ನು ಇದ್ದ ಹಾಗೇ ಎತ್ತಿಕೊಳ್ಳುವ ಸಾಧನ) ಬಣ್ಣ ಎತ್ತಿಕೊಂಡೆ. ಚಿತ್ರ ಚೆನ್ನಾಗಿ ಬಂತು. ನೋಡಿದವರೆಲ್ಲ ಹೊಗಳಿದರು. ಪೇಂಟಿಂಗ್ ಬಂದೇ ಬಿಟ್ಟಿತು ಅಂತ ನಾನೂ ನಂಬಿದೆ.

ಮರುದಿನ ಕಿಟಕಿ ಪಕ್ಕ ಇದ್ದ ಹಳೆಯ ಶೂ ಒಂದನ್ನು ನೋಡಿ ಬಿಡಿಸಲು ಕೂತೆ. ಕಂದು ಶೂ, ಅದಕ್ಕೆ ಕಂದು ಬಣ್ಣ ಹಾಕಿದೆ. ನೆರಳಿಗೆ ಅದರಲ್ಲೇ ಕಪ್ಪು ಬೆರೆಸಿದೆ, ಬೆಳಕಿಗೆ ಬಿಳಿ. ಕೊನೆಗೆ ಕೆಸರಿನ ಮುದ್ದೆಯ ಹಾಗೆ ಕಾಣುತ್ತಿತ್ತು. ತಪ್ಪು ಬ್ರಷ್‌ನದು ಅಂದುಕೊಂಡು ಉಚಿತವಾಗಿ ಸಿಗುವ ಬ್ರಷ್ ಪ್ಯಾಕ್‌ಗಳನ್ನು ಒಂದರ ಮೇಲೊಂದು ಇಳಿಸಿಕೊಂಡೆ. ಬ್ರಷ್‌ಗಳು ನೂರಾರು ಆದವು, ಕೆಸರು ಹಾಗೇ ಉಳಿಯಿತು.

ಬೆಟ್ಟದ ಚಿತ್ರದಲ್ಲಿ ಒಂದೇ ಒಂದು ಬಣ್ಣವನ್ನೂ ನಾನು ಆರಿಸಿರಲಿಲ್ಲ ಅನ್ನುವುದು ಹೊಳೆಯಲು ವಾರಗಳೇ ಬೇಕಾದವು. ದೂರದ ಬೆಟ್ಟ ಯಾಕೆ ತಿಳಿ, ಹತ್ತಿರದ್ದು ಯಾಕೆ ಗಾಢ, ಯಾವ ಅಂಚು ಚೂಪಾಗಿರಬೇಕು, ಯಾವುದು ಮಸುಕಾಗಬೇಕು, ಇದನ್ನೆಲ್ಲ ವಿಡಿಯೋ ಮಾಡಿದವರ ಕಣ್ಣು ಮೊದಲೇ ತೀರ್ಮಾನ ಮಾಡಿಯಾಗಿತ್ತು. ನಾನು ಅದರ ಮೇಲೆ ಕೈ ಆಡಿಸಿದ್ದೆ, ಅಷ್ಟೇ.

ಹಾಗಂತ ಟ್ಯುಟೋರಿಯಲ್ ಬೇಡ ಅನ್ನುತ್ತಿಲ್ಲ. ನಾನು ಕಲಿತಿರುವುದರಲ್ಲಿ ಹೆಚ್ಚಿನದು ಅವುಗಳಿಂದಲೇ. ಆದರೆ ಒಂದು ಟ್ಯುಟೋರಿಯಲ್ ನೋಡಿದ ಮೇಲೆ ಅದನ್ನು ಮುಚ್ಚಿ, ಅದರಲ್ಲಿ ಹೇಳಿದ ಒಂದೇ ಒಂದು ವಿಷಯವನ್ನು ಬೇರೆ ಯಾವುದಾದರೂ ವಸ್ತುವಿನ ಮೇಲೆ ಪ್ರಯೋಗ ಮಾಡದಿದ್ದರೆ ಅದು ನಮ್ಮದಾಗುವುದಿಲ್ಲ. ಗೋಳಕ್ಕೆ ನೆರಳು ಹಾಕುವುದನ್ನು ನೋಡಿದಿರಾ? ವಿಡಿಯೋ ಮುಚ್ಚಿ ನಿಮ್ಮ ಮುಷ್ಟಿಯ ಚಿತ್ರ ಬರೆಯಿರಿ. ಅಲ್ಲಿ ಸಿಕ್ಕಿಕೊಂಡಾಗ ಏನು ಗೊತ್ತಿಲ್ಲ ಅಂತ ಸರಿಯಾಗಿ ಗೊತ್ತಾಗುತ್ತದೆ. ಆಮೇಲೆ ಅದೇ ವಿಡಿಯೋ ನೋಡಿದರೆ ಮೊದಲು ಕಿವಿಗೆ ಬೀಳದ ಮಾತುಗಳೂ ಕೇಳಿಸುತ್ತವೆ.

ಇನ್ನು, ಎರಡು ಗಂಟೆಯ ಕೆಲಸವನ್ನು ಎರಡು ನಿಮಿಷಕ್ಕೆ ಓಡಿಸುವ ವಿಡಿಯೋಗಳಿವೆಯಲ್ಲ, ಅವನ್ನು ಖುಷಿಗೆ ನೋಡಿ, ಕಲಿಕೆಯ ಲೆಕ್ಕಕ್ಕೆ ಸೇರಿಸಬೇಡಿ. ಕಲಿಸುವವರು ತಪ್ಪು ಗೆರೆ ಎಳೆದು, ನೋಡಿ, ಯಾಕೆ ತಪ್ಪು ಅಂತ ಹೇಳಿ, ಅಳಿಸಿ ಮತ್ತೆ ಎಳೆಯುತ್ತಾರಲ್ಲ, ಅಂಥವರ ಪಾಠ ಹುಡುಕಿ. ಆ ಅಳಿಸುವ ಜಾಗದಲ್ಲೇ ಪಾಠ ಇರುತ್ತದೆ.

ಡ್ರಾ ಎ ಬಾಕ್ಸ್ ಅನ್ನುವ ಉಚಿತ ಪಾಠಮಾಲೆ ಇದೆ. ಬಣ್ಣ ಇಲ್ಲ, ಹೊಳಪಿಲ್ಲ. ಗೆರೆ, ದೀರ್ಘವೃತ್ತ, ಪೆಟ್ಟಿಗೆ. ಅದರಲ್ಲಿ 250 ಪೆಟ್ಟಿಗೆಗಳನ್ನು ಬಿಡಿಸುವ ಒಂದು ಸವಾಲೇ ಇದೆ. ಕೇಳಿದರೆ ಬೇಸರ ಆಗುತ್ತದೆ, ಅಲ್ವಾ? ನನಗೂ ಆಗಿತ್ತು. ಆದರೆ ಅದೇ ಪಾಠದಲ್ಲಿ ಇನ್ನೊಂದು ನಿಯಮವೂ ಇದೆ: ಚಿತ್ರಕ್ಕೆ ಕೊಡುವ ಸಮಯದಲ್ಲಿ ಅರ್ಧವನ್ನು ಸುಮ್ನೆ ಖುಷಿಗಾಗಿ ಬಿಡಿಸುವುದಕ್ಕೇ ಇಡಬೇಕು. ಅಭ್ಯಾಸ ಮುಗಿದ ಮೇಲೆ ಅಲ್ಲ, ಮೊದಲ ದಿನದಿಂದಲೇ. ನನಗೆ ಇಡೀ ಪಾಠಮಾಲೆಯಲ್ಲಿ ತುಂಬ ಇಷ್ಟವಾದದ್ದು ಈ ನಿಯಮವೇ. "ಚೆನ್ನಾಗಿ ಬಂದ ಮೇಲೆ ನನಗೆ ಬೇಕಾದ್ದು ಬಿಡಿಸುತ್ತೇನೆ" ಅಂದುಕೊಂಡವರು ಎಷ್ಟೋ ಜನ ಆ ದಿನಕ್ಕೆ ಕಾಯುತ್ತಾ ಬಿಟ್ಟೇ ಬಿಡುತ್ತಾರೆ.

ಸಾಫ್ಟ್‌ವೇರ್ ವಿಷಯಕ್ಕೆ ಬರುತ್ತೇನೆ. ಕಂಪ್ಯೂಟರ್ ಇದ್ದರೆ ಕ್ರಿಟಾ ಹಾಕಿಕೊಳ್ಳಿ. ಪುಕ್ಕಟೆ ಸಿಗುವುದು ಕಳಪೆಯಾಗಿಯೇ ಇರುತ್ತದೆ ಅನ್ನುವ ಮಾತು ಇದಕ್ಕೆ ಸಲ್ಲುವುದಿಲ್ಲ. ಚಿತ್ರ ಬಿಡಿಸುವವರಿಗಾಗಿಯೇ ಕಟ್ಟಿದ ಸಾಧನ ಇದು, ಮೂಲ ಕೋಡ್ ಕೂಡ ಎಲ್ಲರಿಗೂ ತೆರೆದಿದೆ. ನೂರಕ್ಕೂ ಹೆಚ್ಚು ಬ್ರಷ್‌ಗಳು ಜೊತೆಯಲ್ಲೇ ಬರುತ್ತವೆ. ಅದರಲ್ಲಿ ಮೂರು ಸಾಕು: ಗಟ್ಟಿ ಅಂಚಿನದೊಂದು, ಮೃದು ಅಂಚಿನದೊಂದು, ಬಣ್ಣ ಬೆರೆಸುವುದೊಂದು. 1996ರಿಂದ ಇರುವ ಗಿಂಪ್ ಕೂಡ ಉಚಿತ, ಒಳ್ಳೆಯದು, ಆದರೆ ಅದರ ಒಲವು ಫೋಟೋ ತಿದ್ದುವ ಕಡೆಗೆ. ಫೋನ್ ಮಾತ್ರ ಇದ್ದರೆ ಐಬಿಸ್‌ಪೇಂಟ್ ಸಾಕು. ಉಚಿತ ಆವೃತ್ತಿಯಲ್ಲಿ ಜಾಹೀರಾತು ಬರುತ್ತದೆ, ತಡೆದುಕೊಳ್ಳಬಹುದು.

ಪೆನ್ ಟ್ಯಾಬ್ಲೆಟ್ (ಕಂಪ್ಯೂಟರಿಗೆ ಜೋಡಿಸಿ ಪೆನ್ನಿನಿಂದ ಬಿಡಿಸುವ ಹಲಗೆ) ಕೊಳ್ಳುವವರು, ಪೆನ್ ಒತ್ತುವ ಬಲವನ್ನು ಅದು ಗುರುತಿಸುವ ಒತ್ತಡದ ಹಂತ 2048 ಇದೆಯೋ 8192 ಇದೆಯೋ ಅಂತ ತಲೆ ಕೆಡಿಸಿಕೊಳ್ಳುತ್ತಾರೆ. ಹೊಸಬರ ಕೈಗೆ ಆ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಅದಕ್ಕಿಂತ ಮುಖ್ಯವಾದದ್ದು ಒಂದಿದೆ, ಅದನ್ನು ಯಾರೂ ನನಗೆ ಹೇಳಿರಲಿಲ್ಲ. ಟ್ಯಾಬ್ಲೆಟ್ಟಿನ ಉದ್ದ ಅಗಲದ ಅನುಪಾತ ಸ್ಕ್ರೀನಿನ ಅನುಪಾತಕ್ಕೆ ಹೊಂದದಿದ್ದರೆ, ಕೈ ದುಂಡಗೆ ಎಳೆದ ವೃತ್ತ ಪರದೆಯ ಮೇಲೆ ಮೊಟ್ಟೆಯಾಗುತ್ತದೆ. ಕೈಯದು ತಪ್ಪೇ ಇರುವುದಿಲ್ಲ. ಟ್ಯಾಬ್ಲೆಟ್ ಸೆಟ್ಟಿಂಗಿನಲ್ಲಿ ಅನುಪಾತ ಸರಿಹೊಂದಿಸಿದರೆ ಮುಗಿಯಿತು. ಇದು ಗೊತ್ತಿಲ್ಲದೆ ತಿಂಗಳುಗಟ್ಟಲೆ ನನ್ನ ಕೈಯನ್ನೇ ಬೈದುಕೊಂಡಿದ್ದೇನೆ. ನೆನೆದರೆ ಈಗಲೂ ಬೇಜಾರಾಗುತ್ತದೆ.

ಲೇಯರ್ (ಒಂದರ ಮೇಲೊಂದು ಇಟ್ಟ ಪಾರದರ್ಶಕ ಹಾಳೆಯಂಥ ಪದರ) ಕೂಡ ಜಾಸ್ತಿ ಬೇಡ. 300 ಡಿಪಿಐನ (ಇಂಚಿಗೆ 300 ಚುಕ್ಕೆ) ಎ4 ಕ್ಯಾನ್ವಾಸ್ ಅಂದರೆ 2480 × 3508 ಪಿಕ್ಸೆಲ್. ಪೂರ್ತಿ ತುಂಬಿದ ಒಂದು ಲೇಯರಿಗೆ ಸುಮಾರು 35 ಎಂಬಿ ಮೆಮೊರಿ ಬೇಕು. ಮೂವತ್ತು ಲೇಯರ್ ತುಂಬಿಸಿದರೆ 1 ಜಿಬಿ ದಾಟುತ್ತದೆ, ಹಳೆಯ ಕಂಪ್ಯೂಟರ್ ತೆವಳುತ್ತದೆ. ಕಂಪ್ಯೂಟರಿನ ಮಾತು ಬಿಡಿ, ಮೂವತ್ತು ಲೇಯರಿನಲ್ಲಿ ಮೂಗು ಎಲ್ಲಿದೆ ಅಂತ ಹುಡುಕುವಷ್ಟರಲ್ಲಿ ಮನಸ್ಸೇ ಚಿತ್ರದಿಂದ ಆಚೆ ಹೋಗಿರುತ್ತದೆ.

ನನ್ನ ಶೂವನ್ನು ಕೆಸರಿನಿಂದ ಮೇಲೆತ್ತಿದ್ದು ಹೊಸ ಬ್ರಷ್ ಅಲ್ಲ, ಒಂದು ಸಣ್ಣ ಪರೀಕ್ಷೆ. ಎಲ್ಲಕ್ಕಿಂತ ಮೇಲೆ ಒಂದು ಲೇಯರ್ ಹಾಕಿ, ಪೂರ್ತಿ ಕಪ್ಪು ತುಂಬಿ, ಅದರ ಬ್ಲೆಂಡ್ ಮೋಡನ್ನು (ಕೆಳಗಿನ ಲೇಯರಿನ ಜೊತೆ ಬೆರೆಯುವ ರೀತಿ) 'ಕಲರ್'ಗೆ ಬದಲಾಯಿಸಿ. ಇಡೀ ಚಿತ್ರ ಕಪ್ಪುಬಿಳುಪಾಗಿ ಕಾಣುತ್ತದೆ. ಹಾಗೆ ನೋಡಿದಾಗ ನನ್ನ ಶೂ ಪೂರ್ತಿ ಒಂದೇ ಬೂದು. ಬೆಳಕಿನ ಬದಿ, ನೆರಳಿನ ಬದಿ ಎರಡೂ ಹೆಚ್ಚುಕಮ್ಮಿ ಒಂದೇ ಗಾಢ. ನಾನು ಬೆರೆಸಿದ ಕಪ್ಪು, ಬಿಳಿ ಸಾಕಾಗಿರಲಿಲ್ಲ, ಬಣ್ಣದಿಂದಾಗಿ ಅದು ಕಣ್ಣಿಗೆ ಕಂಡಿರಲಿಲ್ಲ. ಮತ್ತೆ ಮೊದಲಿನಿಂದ ಶುರು ಮಾಡಿದೆ. ಈ ಸಲ ಮೂರೇ ಬೂದು ಛಾಯೆ: ಬೆಳಕು, ನಡುವಿನದು, ನೆರಳು. ಅಷ್ಟರಲ್ಲೇ ಅದು ಶೂ ಅಂತ ಗೊತ್ತಾಗುವಂತಾಯಿತು.

ಆಮೇಲೆ ಬಣ್ಣ. ಐಡ್ರಾಪರ್ ಮುಟ್ಟಬಾರದು ಅಂತ ತೀರ್ಮಾನಿಸಿ ಶೂವನ್ನೇ ನೋಡುತ್ತಾ ಕೂತೆ. ಆಗ ಕಂಡದ್ದು ಹೇಳಿದರೆ ಚಿಕ್ಕದು ಅನಿಸಬಹುದು, ನನಗಂತೂ ಬಹಳ ದೊಡ್ಡದು. ನೆರಳು ಕಪ್ಪಲ್ಲ. ಆಕಾಶದ ಕಡೆ ತಿರುಗಿದ್ದ ಭಾಗದ ನೆರಳಿನಲ್ಲಿ ನೀಲಿ ಇತ್ತು. ಕೆಂಪು ಚಾಪೆಯ ಹತ್ತಿರದ ಅಂಚಿನಲ್ಲಿ, ಚರ್ಮದ ಒಳಗಿನಿಂದಲೇ ಬಂದ ಹಾಗೆ, ತೆಳುವಾದ ಕೆಂಪು ಇತ್ತು. ಇದು ಮೊದಲೂ ಅಲ್ಲೇ ಇತ್ತು, ನಾನು ನೋಡಿರಲಿಲ್ಲ. ಆ ಕೆಂಪನ್ನು ಹಿಡಿಯಲು ಏಳೆಂಟು ಸಲ ಬಣ್ಣ ಬದಲಾಯಿಸಿದೆ. ಸಿಕ್ಕಿದ ಕ್ಷಣ ಶೂ ಚಾಪೆಯ ಮೇಲೆ ಕೂತಿತು. ಅಲ್ಲಿಯವರೆಗೆ ತೇಲುತ್ತಿತ್ತು.

ಇನ್ನೊಂದು ಮಾತು, ಕಲಿಯಲು ಶುರು ಮಾಡುತ್ತಿರುವವರಿಗೆ. ಅನ್‌ಡೂ (ಈಗಷ್ಟೇ ಮಾಡಿದ್ದನ್ನು ರದ್ದು ಮಾಡುವುದು) ಕೈಗೆ ಅಂಟಿಕೊಳ್ಳಲು ಬಿಡಬೇಡಿ. ಒಂದೇ ಗೆರೆಯನ್ನು ಇಪ್ಪತ್ತು ಸಲ ಎಳೆದು ಅಳಿಸುವುದಕ್ಕಿಂತ, ಕೆಟ್ಟ ಗೆರೆಯನ್ನು ಹಾಗೇ ಬಿಟ್ಟು ಪಕ್ಕದಲ್ಲಿ ಇನ್ನೊಂದು ಎಳೆಯಿರಿ. ಎರಡೂ ಕಣ್ಣೆದುರು ಇದ್ದರೆ ವ್ಯತ್ಯಾಸ ಕಾಣುತ್ತದೆ. ಕ್ರಿಟಾದಲ್ಲಿ 'ಎಂ' ಕೀ ಒತ್ತಿದರೆ ಚಿತ್ರ ಕನ್ನಡಿಯಲ್ಲಿ ನೋಡಿದ ಹಾಗೆ ತಿರುಗುತ್ತದೆ. ಹತ್ತು ನಿಮಿಷಕ್ಕೊಮ್ಮೆ ಒತ್ತಿ ನೋಡಿ. ವಾಲಿದ ಮುಖ, ಸೊಟ್ಟ ಕಣ್ಣು ತಕ್ಷಣ ಕಣ್ಣಿಗೆ ಬೀಳುತ್ತವೆ. ಮೊದಲ ಸಲ ಎದೆ ಧಸಕ್ ಅನ್ನುತ್ತದೆ, ಪರವಾಗಿಲ್ಲ.

ಈ ಬರಹದ ಜೊತೆ ಹಾಕಿರುವುದು ಆ ಶೂವಿನ ಏಳನೇ ಚಿತ್ರ. ಬೆಟ್ಟದ ಚಿತ್ರದಷ್ಟು ಚಂದ ಇಲ್ಲ, ಆದರೆ ಇದರಲ್ಲಿರುವ ಪ್ರತಿ ಬಣ್ಣವನ್ನೂ ನಾನೇ ಆರಿಸಿದ್ದೇನೆ. ಲೇಸಿನ ಕೆಳಗಿನ ನೆರಳು ಇನ್ನೂ ಸರಿಯಾಗಿಲ್ಲ. ನಾಳೆ ಬೆಳಿಗ್ಗೆ ಕಿಟಕಿಯ ಬೆಳಕು ಅದೇ ಕಡೆಯಿಂದ ಬಿದ್ದಾಗ ಮತ್ತೆ ಕೂರುತ್ತೇನೆ.